ಮದುವೆಗೆ ಬರಲೋ, ತೆರಿಗೆಗೆ ಹೆದರಿ ನಿಲ್ಲಲೋ?

ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕಡೆಯ ಸಹೋದರಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಹೆಸರು, ಊರು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇಷ್ಟು:

“ಅಸ್ಸಲಾಮು ಅಲೈಕುಮ್. ನಮ್ಮ ಮನೆಯವರು 2013ರಿಂದ ಸೌದಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದಾರೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಈಗ ಕಂಪೆನಿಯ ಕೆಲಸ ಮುಗಿಯುತ್ತಾ ಬಂದಿದೆ. ಈ ಬಾರಿ ಪೂರ್ತಿಯಾಗಿ ಊರಿಗೆ ಮರಳುತ್ತಾರೆ. ನಮ್ಮ ದೊಡ್ಡ ಮಗಳ ನಿಕಾಹ್ 2026ರ ಸೆಪ್ಟೆಂಬರ್ 27ರ ಭಾನುವಾರಕ್ಕೆ ನಿಶ್ಚಯವಾಗಿದೆ. ಸೆಪ್ಟೆಂಬರ್ 24ಕ್ಕೆ ಬರುವುದೆಂದು ಅಂದುಕೊಂಡಿದ್ದೆವು. ಆದರೆ ಪರಿಚಿತರೊಬ್ಬರು, ‘ಅಕ್ಟೋಬರ್ 2ಕ್ಕಿಂತ ಮೊದಲು ಬಂದರೆ ಈ ವರ್ಷ ಸೌದಿಯಲ್ಲಿ ದುಡಿದದ್ದಕ್ಕೆಲ್ಲ ಇಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ’ ಎಂದು ಹೇಳಿದ್ದಾರೆ. ಅಂದಿನಿಂದ ಇವರಿಗೆ ನಿದ್ದೆ ಇಲ್ಲ. ನಿಕಾಹ್‌ನ ದಿನ ಮುಂದೂಡೋಣವೇ, ನಾನು ಒಬ್ಬಳೇ ನಿಂತು ಮಾಡಿಸಲೇ ಎಂದು ಕೇಳುತ್ತಿದ್ದಾರೆ. ಹುಡುಗನ ಕಡೆಯವರಿಗೆ ಏನು ಹೇಳಲಿ?”

ಸಹೋದರಿ, ವಅಲೈಕುಮುಸ್ಸಲಾಮ್. ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿನ ಮುಂದೂಡಬೇಡಿ. ಮಗಳ ನಿಕಾಹ್‌ಗೆ ತಂದೆ ಬರಲಿ. ನೀವು ಬರೆದಿರುವ ವಿವರಗಳೆಲ್ಲ ಸರಿಯಾಗಿದ್ದರೆ ಅವರ ಸೌದಿ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆದರೆ ಏಕೆ ಬೀಳುವುದಿಲ್ಲ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಏಕೆಂದರೆ ನಿಮ್ಮ ಪಕ್ಕದ ಮನೆಯ ಹುಡುಗನ ವಿಷಯದಲ್ಲಿ ಇದೇ ಉತ್ತರ ತಪ್ಪಾಗಬಹುದು.

ನಮ್ಮ ಕಡೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ತೊಗರಿ, ಹಾಸುಗಲ್ಲು ಮತ್ತು ಸಿಮೆಂಟು. ಕಲ್ಲು ಗಣಿಯಲ್ಲಿ, ಕಾರ್ಖಾನೆಯ ಗುತ್ತಿಗೆಯಲ್ಲಿ ಕೈಕೆಲಸ ಕಲಿತ ಹುಡುಗರು ಹೈದರಾಬಾದಿನಲ್ಲಿ ವೀಸಾ ಮಾಡಿಸಿಕೊಂಡು ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಹೋಗುವಾಗ ಏನು ಬೇಕೆಂದು ಹೇಳುವವರು ಹತ್ತು ಜನ ಸಿಗುತ್ತಾರೆ. ಮರಳಿ ಬರುವಾಗ ಏನು ಮಾಡಬೇಕೆಂದು ಹೇಳುವವರು ಸಿಗುವುದಿಲ್ಲ. ಸಿಕ್ಕವರು ಅರ್ಧ ಹೇಳುತ್ತಾರೆ. ನಿಮ್ಮ ಪರಿಚಿತರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ.

ಮೊದಲ ಲೆಕ್ಕ: 182 ದಿನ

ನಮ್ಮ ದೇಶದಲ್ಲಿ ತೆರಿಗೆಯ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದರೂ ನಮಗೆ ಬೇಕಾದ ದಿನಗಳ ಲೆಕ್ಕ ಹಿಂದಿನಂತೆಯೇ ಇದೆ. ಒಂದು ತೆರಿಗೆ ವರ್ಷದಲ್ಲಿ 182 ಅಥವಾ ಅದಕ್ಕಿಂತ ಹೆಚ್ಚು ದಿನ ಭಾರತದಲ್ಲಿದ್ದವರು ಆ ವರ್ಷಕ್ಕೆ ‘ನಿವಾಸಿ’. ಇಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಮುಖ್ಯವಲ್ಲ, ಎಷ್ಟು ದಿನ ಇಲ್ಲಿದ್ದರು ಎಂಬುದೇ ಮುಖ್ಯ.

ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಎಣಿಸಿ ನೋಡಿ: 31, 30, 31, 31, 28, 31. ಒಟ್ಟು 182. ಅಂದರೆ ಅಕ್ಟೋಬರ್ 1ಕ್ಕೆ ಬಂದವರು ನಿವಾಸಿ. ಅಕ್ಟೋಬರ್ 2ಕ್ಕೆ ಬಂದವರಿಗೆ 181 ದಿನ ಮಾತ್ರ ಆಗುತ್ತದೆ. ಪರಿಚಿತರು ಅಕ್ಟೋಬರ್ 2 ಎಂದದ್ದು ಇದೇ ಲೆಕ್ಕದಿಂದ. ನಿಮ್ಮವರು ಸೆಪ್ಟೆಂಬರ್ 24ಕ್ಕೆ ಬಂದರೆ 189 ದಿನವಾಗುತ್ತದೆ. ಹಾಗಾಗಿ 2026-27ರಲ್ಲಿ ಅವರು ನಿವಾಸಿಯೇ ಹೌದು. ಪರಿಚಿತರ ಲೆಕ್ಕ ಇಲ್ಲಿಗೆ ನಿಂತಿದೆ. ಕಾನೂನು ಇಲ್ಲಿಗೆ ನಿಲ್ಲುವುದಿಲ್ಲ.

ಎರಡನೇ ಲೆಕ್ಕ: ಹಿಂದಿನ ವರ್ಷಗಳು

ನಿವಾಸಿಗಳಲ್ಲಿ ಎರಡು ಬಗೆಯವರಿದ್ದಾರೆ. ಒಬ್ಬರು ಸಾಮಾನ್ಯ ನಿವಾಸಿ. ಇವರು ಲೋಕದ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ಲೆಕ್ಕ ಕೊಡಬೇಕು. ಇನ್ನೊಬ್ಬರು ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’. ಲೆಕ್ಕಪರಿಶೋಧಕರು ಇವರನ್ನು ಆರ್‌ಎನ್‌ಒಆರ್ ಎನ್ನುತ್ತಾರೆ. ಇವರು ಹೊರದೇಶದಲ್ಲಿ ದುಡಿದು ಅಲ್ಲಿಯೇ ಕೈಗೆ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಬಹಳ ಕಾಲ ಹೊರಗಿದ್ದು ಮರಳಿ ಬಂದವರಿಗೆ ಕಾನೂನೇ ಕೊಟ್ಟಿರುವ ಅವಕಾಶವಿದು.

ಈ ಗುಂಪಿಗೆ ಸೇರಲು ಎರಡು ದಾರಿಗಳಿವೆ. ಒಂದು, ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿರಬೇಕು. ಇಲ್ಲವೇ, ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು ಒಟ್ಟು 729ನ್ನು ಮೀರಿರಬಾರದು. ಎರಡರಲ್ಲಿ ಒಂದು ಇದ್ದರೆ ಸಾಕು.

ನಿಮ್ಮವರ ಲೆಕ್ಕ ನೋಡೋಣ. 2020ರ ಮಾರ್ಚ್ ಮಧ್ಯದಲ್ಲಿ ರಜೆಗೆ ಬಂದವರು ಲಾಕ್‌ಡೌನ್‌ನಲ್ಲಿ ಸಿಕ್ಕಿಹಾಕಿಕೊಂಡು ನವೆಂಬರ್ ಕೊನೆಗೆ ಮರಳಿದರು ಎಂದು ಬರೆದಿದ್ದೀರಿ. ಆ ಮಾರ್ಚ್‌ನಲ್ಲಿ ಸುಮಾರು 15 ದಿನ, ಏಪ್ರಿಲ್‌ನಿಂದ ನವೆಂಬರ್‌ವರೆಗೆ 244 ದಿನ. 2022 ಮತ್ತು 2024ರ ರಜೆಗಳು ತಲಾ 60 ದಿನ. ಒಟ್ಟು ಸುಮಾರು 380 ದಿನ. 729ಕ್ಕೆ ಇನ್ನೂ ಬಹಳ ದೂರವಿದೆ. ಆದ್ದರಿಂದ ಅವರು ಈ ವರ್ಷ ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸೌದಿ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಎಂಟು ದಿನ ತಡವಾಗಿ ಬಂದು ಮಗಳ ನಿಕಾಹ್ ತಪ್ಪಿಸಿಕೊಂಡರೆ ಆ ಸಂಬಳದಲ್ಲಿ ಅವರಿಗೆ ಉಳಿಯುವುದು ಏನೂ ಇಲ್ಲ.

ಮುಂದಿನ ವರ್ಷಗಳಿಗೂ ಇದೇ ರೀತಿ ಎಣಿಸಿದರೆ 2027-28 ಮತ್ತು 2028-29ರಲ್ಲೂ ಅವರ ಏಳು ವರ್ಷದ ಮೊತ್ತ 729ರ ಒಳಗೇ ಇರುತ್ತದೆ. 2029-30ರಿಂದ ಅವರು ಪೂರ್ಣ ಅರ್ಥದಲ್ಲಿ ಸಾಮಾನ್ಯ ನಿವಾಸಿ. ಅಷ್ಟರೊಳಗೆ ಸೌದಿಯ ಬ್ಯಾಂಕ್ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ಅದನ್ನು ತಂದು ಮುಗಿಸಿಬಿಡುವುದು ಒಳ್ಳೆಯದು.

ಎಲ್ಲರ ಉತ್ತರವೂ ಒಂದೇ ಅಲ್ಲ

ಈಗ ಪಕ್ಕದ ಮನೆಯ ಹುಡುಗನ ಮಾತಿಗೆ ಬರೋಣ. ವಾಡಿಯ ಕಡೆಯ ಒಬ್ಬ ಫಿಟ್ಟರ್ ಎಂದುಕೊಳ್ಳಿ. ಹುಟ್ಟಿದಾಗಿನಿಂದ ಇಲ್ಲಿಯೇ ಇದ್ದವನು. ಕಾರ್ಖಾನೆಯ ಕೆಲಸ ಬಿಟ್ಟು ಅಕ್ಟೋಬರ್ 20ಕ್ಕೆ ವಿಮಾನ ಹತ್ತುತ್ತಾನೆ. ಏಪ್ರಿಲ್ 1ರಿಂದ ಎಣಿಸಿದರೆ ಅವನು 203 ದಿನ ಇಲ್ಲಿದ್ದ. ಹಾಗಾಗಿ ಆ ವರ್ಷ ಅವನು ನಿವಾಸಿ. ಹಿಂದಿನ ವರ್ಷಗಳಲ್ಲೂ ಇಲ್ಲಿಯೇ ಇದ್ದುದರಿಂದ ಸಾಮಾನ್ಯ ನಿವಾಸಿ. ಇಲ್ಲಿಯ ಆರು ತಿಂಗಳ ಸಂಬಳ, ಅಲ್ಲಿಯ ಐದು ತಿಂಗಳ ಸಂಬಳ ಎರಡನ್ನೂ ಸೇರಿಸಿ ಲೆಕ್ಕ ಕೊಡಬೇಕು.

ಅದೇ ಹುಡುಗ ಸೆಪ್ಟೆಂಬರ್ 28ರೊಳಗೆ ಹೊರಟಿದ್ದರೆ 181 ದಿನವಷ್ಟೇ ಆಗುತ್ತಿತ್ತು. ಕೆಲಸಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ ಆ ವರ್ಷ 182 ದಿನದ ಅಳತೆ ಮಾತ್ರ. ಆಗ ಅವನು ಅನಿವಾಸಿ. ಅಲ್ಲಿಯ ಸಂಬಳ ಇಲ್ಲಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹಾಗೆಂದು ಅನಿವಾಸಿಯಾಗುವುದರಲ್ಲಿ ಎಲ್ಲವೂ ಲಾಭವೆಂದು ತಿಳಿಯಬೇಡಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು ಕೇಳಿದ್ದೀರಿ. ಅದು ರಿಯಾಯಿತಿಯ ರೂಪದಲ್ಲಿ ಸಿಗುವಂಥದ್ದು, ನಿವಾಸಿಗಳಿಗೆ ಮಾತ್ರ. ಅನಿವಾಸಿಗೆ 4 ಲಕ್ಷದ ಮೇಲೆ ತೆರಿಗೆ ಶುರುವಾಗುತ್ತದೆ. ಈ ಹುಡುಗನಿಗೆ ಹೊರಡುವ ಮೊದಲು ಕಾರ್ಖಾನೆಯಿಂದ 6 ಲಕ್ಷ ಸಂಬಳ ಬಂದಿತ್ತು ಎನ್ನೋಣ. 75,000 ರೂಪಾಯಿ ಸಾಮಾನ್ಯ ಕಡಿತ ಕಳೆದರೆ 5,25,000. ಅನಿವಾಸಿಯಾದರೆ 4 ಲಕ್ಷದ ಮೇಲಿನ 1,25,000ಕ್ಕೆ ಶೇ. 5ರಂತೆ 6,250, ಅದರ ಮೇಲೆ ಶೇ. 4 ಸೆಸ್ 250, ಒಟ್ಟು 6,500 ರೂಪಾಯಿ ತೆರಿಗೆ. ನಿವಾಸಿಯಾಗಿದ್ದು ಅಲ್ಲಿಯ ಸಂಬಳ ಸೇರಿಸಿದರೂ ಮೊತ್ತ 12 ಲಕ್ಷ ದಾಟದಿದ್ದರೆ ತೆರಿಗೆ ಸೊನ್ನೆ. ಆದರೆ ರಿಟರ್ನ್ ಸಲ್ಲಿಸಬೇಕು, ಅದರಲ್ಲಿ ಹೊರದೇಶದ ಬ್ಯಾಂಕ್ ಖಾತೆಯನ್ನೂ ತೋರಿಸಬೇಕು. ಹೊರದೇಶದ ಆಸ್ತಿ ಮುಚ್ಚಿಟ್ಟವರಿಗೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷ ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಈ ದಂಡದಿಂದ ವಿನಾಯಿತಿ ಸಿಕ್ಕಿದೆ. ಹಾಗಿದ್ದರೂ ತೋರಿಸಬೇಕಾದ್ದನ್ನು ತೋರಿಸುವುದೇ ನೆಮ್ಮದಿ. ನಿಮ್ಮವರಂತಹ ಆರ್‌ಎನ್‌ಒಆರ್‌ಗೆ ಈ ಪಟ್ಟಿ ಕೊಡುವ ಹೊಣೆ ಇಲ್ಲ.

ಎಲ್ಲಕ್ಕಿಂತ ಎಚ್ಚರವಿರಬೇಕಾದವರು ಎರಡು ವರ್ಷಕ್ಕೇ ಕೆಲಸ ಕಳೆದುಕೊಂಡು ಮರಳುವವರು. ರಜೆಗೆ ಬರುವವರಿಗೆ 182 ದಿನದ ಅಳತೆ ಇದೆ. ಇಲ್ಲಿಯ ಆದಾಯವೇ 15 ಲಕ್ಷ ಮೀರಿದವರಿಗೆ ಅದು 120 ದಿನ. ಆದರೆ ಪೂರ್ತಿಯಾಗಿ ಮರಳಿದವರು ರಜೆಗೆ ಬಂದವರಲ್ಲ. ಅವರು ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರಾದರೆ, ಮರಳಿದ ವರ್ಷ 60 ದಿನ ಇದ್ದರೂ ನಿವಾಸಿಯಾಗುತ್ತಾರೆ. ಅಂದರೆ ಜನವರಿ 31ಕ್ಕೆ ಬಂದಿಳಿದರೂ ಸಾಕು: 1, 28, 31, ಒಟ್ಟು 60. ಏಳು ವರ್ಷದ ಮೊತ್ತವೂ 729 ದಾಟಿದ್ದರೆ ಸಾಮಾನ್ಯ ನಿವಾಸಿಯೇ ಆಗುತ್ತಾರೆ. ಆ ವರ್ಷ ಏಪ್ರಿಲ್‌ನಿಂದ ಅಲ್ಲಿ ದುಡಿದದ್ದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂತಹವರು ಟಿಕೆಟ್ ತೆಗೆಯುವ ಮೊದಲು ಬಲ್ಲ ಲೆಕ್ಕಪರಿಶೋಧಕರಿಗೆ ಪಾಸ್‌ಪೋರ್ಟ್ ತೋರಿಸಿ ಕೇಳಬೇಕು.

ಅಲ್ಲಿಂದ ಹೊರಡುವ ಮುನ್ನ

ಸಹೋದರಿ, ತೆರಿಗೆಯ ಭಯದಲ್ಲಿ ನಿಮ್ಮವರು ಇನ್ನೊಂದು ದೊಡ್ಡ ಮೊತ್ತವನ್ನು ಮರೆಯದಿರಲಿ. ಸೌದಿಯ ಕಾರ್ಮಿಕ ಕಾನೂನಿನಂತೆ ಕೆಲಸ ಮುಗಿದಾಗ ಸೇವಾಂತ್ಯದ ಹಣ ಕೊಡಬೇಕು. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ, ಕೊನೆಯ ಸಂಬಳದ ಲೆಕ್ಕದಲ್ಲಿ. 13 ವರ್ಷ ದುಡಿದವರಿಗೆ ಎರಡೂವರೆ ತಿಂಗಳು ಮತ್ತು ಎಂಟು ತಿಂಗಳು, ಒಟ್ಟು ಹತ್ತೂವರೆ ತಿಂಗಳ ಸಂಬಳ. ತಾವೇ ರಾಜೀನಾಮೆ ಕೊಟ್ಟರೂ ಹತ್ತು ವರ್ಷ ತುಂಬಿದವರಿಗೆ ಪೂರ್ತಿ ಸಿಗಬೇಕು. ಎರಡರಿಂದ ಐದು ವರ್ಷದವರಿಗೆ ಮೂರನೇ ಒಂದು ಭಾಗ, ಐದರಿಂದ ಹತ್ತು ವರ್ಷದವರಿಗೆ ಮೂರನೇ ಎರಡು ಭಾಗ.

‘ನೀನು ಹೋಗು, ಹಣ ಆಮೇಲೆ ಕಳಿಸುತ್ತೇವೆ’ ಎಂಬ ಮಾತಿಗೆ ಒಪ್ಪಬಾರದು. ಈ ಮಾತು ನಂಬಿ ಬಂದು ಕೈಸುಟ್ಟುಕೊಂಡವರನ್ನು ನಾನೇ ಕಂಡಿದ್ದೇನೆ. ಇದರಲ್ಲಿ ತೆರಿಗೆಯ ವಿಷಯವೂ ಇದೆ. ಹಣ ಮೊದಲು ಅಲ್ಲಿಯ ಖಾತೆಗೆ ಸೇರಿ ನಂತರ ಊರಿಗೆ ಬಂದರೆ ಅದು ಅಲ್ಲಿ ಪಡೆದ ಹಣ. ಕಂಪೆನಿಯೇ ನೇರವಾಗಿ ಇಲ್ಲಿಯ ಖಾತೆಗೆ ಹಾಕಿದರೆ ‘ಭಾರತದಲ್ಲಿ ಪಡೆದದ್ದು’ ಎಂಬ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಪಡೆದ ಆದಾಯಕ್ಕೆ ಅನಿವಾಸಿಯೂ ಲೆಕ್ಕ ಕೊಡಬೇಕು. ಆದ್ದರಿಂದ ಫೈನಲ್ ಎಕ್ಸಿಟ್‌ಗೆ ಮೊದಲೇ ಹಣ ಅಲ್ಲಿಯ ಖಾತೆಗೆ ಬರಲಿ, ಲೆಕ್ಕದ ಚೀಟಿ ಕೈಗೆ ಸಿಗಲಿ.

ಕೊಲ್ಲಿಯಲ್ಲಿ ತೆರಿಗೆಯೇ ಇಲ್ಲ ಎಂಬುದೂ ಪೂರ್ತಿ ನಿಜವಲ್ಲ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಸೌದಿಯಲ್ಲಿ 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಗಿ, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ರಿಯಾಲ್ ತಲುಪಿತು. ಎಷ್ಟೋ ಕುಟುಂಬಗಳು ವರ್ಷದ ನಡುವೆ ಗಂಟು ಕಟ್ಟಿ ಊರಿಗೆ ಮರಳಿದ್ದಕ್ಕೆ ಇದೂ ಒಂದು ಕಾರಣ. ಒಮಾನ್ 2025ರಲ್ಲಿ ವೈಯಕ್ತಿಕ ಆದಾಯ ತೆರಿಗೆಯ ಕಾನೂನು ಹೊರಡಿಸಿದೆ. 2028ರ ಜನವರಿಯಿಂದ, ವರ್ಷಕ್ಕೆ 42,000 ಒಮಾನಿ ರಿಯಾಲ್ ಮೀರಿದ ಆದಾಯಕ್ಕೆ ಶೇ. 5. ನಮ್ಮ ಕಡೆಯ ಕೂಲಿಕಾರರ ಸಂಬಳ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಗಾಳಿಮಾತು ಕೇಳಿ ಹೆದರುವವರಿಗೆ ತಿಳಿದಿರಲಿ.

ಬಂದ ಮೇಲೆ ಮನೆಯಲ್ಲಿ

ಅನಿವಾಸಿಗಳ ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಇಲ್ಲಿಯೇ ನೆಲೆಸಲು ಬಂದ ಮೇಲೆ ಅದನ್ನು ಆ ಹೆಸರಿನಲ್ಲಿ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ಹೋಗಿ ‘ನಾನು ಪೂರ್ತಿಯಾಗಿ ಮರಳಿದ್ದೇನೆ’ ಎಂದು ಬರೆದುಕೊಟ್ಟು ಸಾಮಾನ್ಯ ಖಾತೆಗೆ ಬದಲಾಯಿಸಬೇಕು. ಅಲ್ಲಿಂದ ಮುಂದಿನ ಬಡ್ಡಿ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಬಡ್ಡಿಯ ಮಾತು ಬಂದಿದ್ದರಿಂದ ಒಂದು ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಬಡ್ಡಿಯನ್ನು ಮುಟ್ಟುವುದಿಲ್ಲ, ಬೇರೆಯಾಗಿ ತೆಗೆದು ಕೊಟ್ಟುಬಿಡುತ್ತಾರೆ. ಒಳ್ಳೆಯದು. ಆದರೆ ‘ನಾವು ಬಳಸಿಲ್ಲ, ಆದ್ದರಿಂದ ಅದು ನಮ್ಮ ಆದಾಯವಲ್ಲ’ ಎಂದರೆ ಇಲಾಖೆ ಒಪ್ಪುವುದಿಲ್ಲ. ಖಾತೆಗೆ ಬಿದ್ದ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು.

ಗಂಡ ಮನೆಖರ್ಚಿಗೆ ಕಳಿಸಿದ ಹಣ ಹೆಂಡತಿಯ ಆದಾಯವಲ್ಲ. ಗಂಡ ಕೊಟ್ಟ ಉಡುಗೊರೆಗೂ ಆಕೆ ತೆರಿಗೆ ಕಟ್ಟಬೇಕಿಲ್ಲ. ಆದರೆ ಆ ಹಣವನ್ನು ಆಕೆಯ ಹೆಸರಿನಲ್ಲಿ ಠೇವಣಿ ಇಟ್ಟರೆ ಅದರ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ನಿಮ್ಮ ಹೆಸರಿನಲ್ಲಿ ಠೇವಣಿ ಇದೆ ಎಂದು ಬರೆದಿದ್ದೀರಿ. ವರ್ಷದಲ್ಲಿ 10 ಲಕ್ಷ ಮುಟ್ಟಿದ ಠೇವಣಿಗಳ ವಿವರ ಬ್ಯಾಂಕಿನಿಂದ ತಾನಾಗಿಯೇ ಇಲಾಖೆಗೆ ಹೋಗುತ್ತದೆ. ಆಮೇಲೆ ನೋಟಿಸು ಬಂದರೆ ಗಾಬರಿ ಬೇಡ. ಹಣ ಬಂದ ದಾರಿ ತೋರಿಸುವ ಬ್ಯಾಂಕ್ ಕಾಗದ ಇದ್ದರೆ ಉತ್ತರ ಒಂದು ಪುಟದ್ದು. ಹುಂಡಿಯವರ ಮೂಲಕ ತರಿಸಿದ್ದರೆ ಉತ್ತರವೇ ಇರುವುದಿಲ್ಲ. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಆ ದಾರಿ ಹಿಡಿದವರು ಹಲಾಲ್ ಸಂಪಾದನೆಯನ್ನೂ ಕಳ್ಳ ಹಣದಂತೆ ಬಚ್ಚಿಡಬೇಕಾಗುತ್ತದೆ.

ರಮಝಾನ್‌ನಲ್ಲಿ ಝಕಾತ್‌ನ ಲೆಕ್ಕ ಹಾಕುವ ಮನೆಗಳಿಗೆ ವರ್ಷದ ಲೆಕ್ಕ ಹೊಸದಲ್ಲ. ಆದರೆ ಆ ವರ್ಷ ಚಾಂದ್ರಮಾನದ್ದು, ಈ ವರ್ಷ ಏಪ್ರಿಲ್‌ನದ್ದು. ಒಂದು ಕೊಟ್ಟರೆ ಇನ್ನೊಂದು ತೀರುವುದೂ ಇಲ್ಲ. ಎರಡಕ್ಕೂ ಬೇರೆ ಬೇರೆ ಪುಸ್ತಕವಿರಲಿ.

ಈಗ ನಿಮ್ಮ ಕೈಯಲ್ಲಿರುವ ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. 2016ರಿಂದ ಅವರು ಬಂದ ದಿನ, ಹೋದ ದಿನ ಬರೆಯಿರಿ. ಎರಡನ್ನೂ ಭಾರತದಲ್ಲಿದ್ದ ದಿನವೆಂದೇ ಎಣಿಸಿ, ಅದು ಕ್ಷೇಮ. ಪಾಸ್‌ಪೋರ್ಟಿನ ಮುದ್ರೆ ಬಿದ್ದ ಪುಟಗಳೆಲ್ಲದರ ಫೋಟೊ ಕಳಿಸಲು ಹೇಳಿ. ಹಳೆಯ, ಅವಧಿ ಮುಗಿದ ಪಾಸ್‌ಪೋರ್ಟನ್ನೂ ಎಸೆಯಬಾರದು. ಈಚೆಗೆ ಕೆಲವು ನಿಲ್ದಾಣಗಳಲ್ಲಿ ಯಂತ್ರದ ಬಾಗಿಲಿನಲ್ಲಿ ಮುದ್ರೆಯೇ ಬೀಳುವುದಿಲ್ಲ. ಆದ್ದರಿಂದ ಟಿಕೆಟು, ಬೋರ್ಡಿಂಗ್ ಪಾಸ್ ಇಟ್ಟುಕೊಳ್ಳಿ. ಸಂಬಳದ ಚೀಟಿ, ಕೆಲಸದ ಕರಾರು, ಸೇವಾಂತ್ಯದ ಲೆಕ್ಕ, ಹಣ ಕಳಿಸಿದ ರಸೀದಿ ಒಂದೇ ಚೀಲದಲ್ಲಿರಲಿ. ಅವರ ಪ್ಯಾನ್ ಚಾಲ್ತಿಯಲ್ಲಿದೆಯೇ ನೋಡಿ. ಆಧಾರ್ ಜೋಡಿಸದ, ಅನಿವಾಸಿ ಎಂದೂ ದಾಖಲಾಗದ ಅನೇಕರ ಪ್ಯಾನ್ 2023ರ ಜುಲೈಯಿಂದ ನಿಷ್ಕ್ರಿಯವಾಗಿದೆ. ಇಲ್ಲಿ ಅವರಿಗೆ ಬಾಡಿಗೆ, ಬಡ್ಡಿ ಏನಾದರೂ ಇದ್ದು 4 ಲಕ್ಷ ಮೀರಿದರೆ 2027ರ ಜುಲೈ 31ರೊಳಗೆ ರಿಟರ್ನ್ ಸಲ್ಲಿಸಬೇಕು. ಹೊಲದ ತೊಗರಿಯ ಆದಾಯಕ್ಕೆ ತೆರಿಗೆ ಇಲ್ಲ. ಅನಿವಾಸಿಯೂ ಆರ್‌ಎನ್‌ಒಆರ್ ಆದವರೂ ‘ಸಹಜ್’ ಎಂಬ ಸರಳ ನಮೂನೆ ತುಂಬುವಂತಿಲ್ಲ ಎಂಬುದನ್ನು ತುಂಬಿಕೊಡುವವರಿಗೆ ನೀವೇ ನೆನಪಿಸಿ.

ಹದಿಮೂರು ವರ್ಷಗಳಲ್ಲಿ ನಿಮ್ಮವರು ಮನೆಯಲ್ಲಿದ್ದ ದಿನಗಳನ್ನು ಎಣಿಸಿದರೆ ಎರಡು ವರ್ಷವೂ ತುಂಬುವುದು ಕಷ್ಟ. ಎರಡನೇ ತರಗತಿಯಲ್ಲಿ ಬಿಟ್ಟುಹೋದ ಮಗಳು ಇಂದು ಮದುಮಗಳು ಎಂದು ನೀವು ಬರೆದ ಸಾಲು ಓದಿ ನನಗೂ ಮನಸ್ಸು ಭಾರವಾಯಿತು. ಕಾನೂನು ಅವರನ್ನು ತಡೆಯುತ್ತಿಲ್ಲ, ಅರೆ ತಿಳಿವಳಿಕೆ ತಡೆಯುತ್ತಿದೆ ಅಷ್ಟೆ. ಇಂದೇ ಫೋನ್ ಮಾಡಿ, ಸೆಪ್ಟೆಂಬರ್ 24ರ ಟಿಕೆಟ್ ತೆಗೆಯಲು ಹೇಳಿ. ಹುಡುಗನ ಕಡೆಯವರಿಗೂ ದಿನ ಬದಲಾಗಿಲ್ಲವೆಂದು ತಿಳಿಸಿ. ಮಗಳಿಗೆ ನಮ್ಮ ಬಳಗದ ದುಆ ಇದೆ.